ತಿರುವಿನ ಬಲಕ್ಕೊಂದು ಅಳತೆ

ಈಟಿ ಎಸೆಯುವವರನ್ನು ನೋಡಿದವರು ತೋಳಿನ ಬಲವನ್ನು ಹೊಗಳುತ್ತಾರೆ. ಆದರೆ ಕಾಲಿನಿಂದ ಹೊರಟ ಬಲವನ್ನು ತೋಳಿಗೆ ದಾಟಿಸುವುದು ಎದೆ, ಹೊಟ್ಟೆ, ಬೆನ್ನು ಸೇರಿದ ಮುಂಡಭಾಗ. ಕ್ರಿಕೆಟ್ ಬ್ಯಾಟ್ ಬೀಸುವಾಗಲೂ ಅದು ರಭಸದಿಂದ ತಿರುಗುತ್ತದೆ. ಹೊಟ್ಟೆಯ ಎರಡೂ ಪಕ್ಕಗಳಲ್ಲಿ ಓರೆಯಾಗಿ, ಪದರಪದರವಾಗಿ ಹಬ್ಬಿರುವ ಸ್ನಾಯುಗಳದು ಇದರಲ್ಲಿ ಮುಖ್ಯ ಪಾತ್ರ. ದೇಹ ಬಲಗಡೆಗೆ ತಿರುಗಲು ಬಲಪಕ್ಕದ ಒಳಪದರವೂ ಎಡಪಕ್ಕದ ಹೊರಪದರವೂ ಒಟ್ಟಿಗೆ ಎಳೆಯಬೇಕು.

ಈ ಬಲವನ್ನು ಅಳೆಯುವುದು ಹೇಗೆ? ಸ್ಪ್ಯಾನರಿನ ಹಿಡಿ ಉದ್ದವಾದಷ್ಟೂ ನಟ್ಟು ಸುಲಭವಾಗಿ ತಿರುಗುತ್ತದೆ. ಹಾಗೆಯೇ ಇಲ್ಲಿಯೂ ದೂರ ಲೆಕ್ಕಕ್ಕೆ ಬರುತ್ತದೆ. ಅಕ್ಷದಿಂದ 30 ಸೆಂಟಿಮೀಟರ್ ದೂರದಲ್ಲಿ 200 ನ್ಯೂಟನ್ ಬಲ ಹಾಕಿದರೆ ಟಾರ್ಕ್ 60 ನ್ಯೂಟನ್-ಮೀಟರ್. ಪ್ರಯೋಗಾಲಯಗಳಲ್ಲಿ ಇದಕ್ಕೆ ಐಸೋಕೈನೆಟಿಕ್ ಡೈನಮೋಮೀಟರ್ ಎಂಬ ಯಂತ್ರವಿದೆ. ಎಷ್ಟೇ ಜೋರಾಗಿ ತಳ್ಳಿದರೂ ಅದು ನಿಗದಿತ ವೇಗವನ್ನು ಮೀರದು. ತಳ್ಳಿದಷ್ಟೇ ಪ್ರತಿರೋಧ ಒಡ್ಡುತ್ತ ಟಾರ್ಕನ್ನು ದಾಖಲಿಸುತ್ತದೆ. ಹಿಸ್ಲಾಪ್ ಮತ್ತು ಪೆರಿನ್ 1967ರಲ್ಲಿ ಈ ತತ್ವವನ್ನು ವಿವರಿಸಿದರು.

ಆದರೆ ಯಂತ್ರ ಕೊಟ್ಟ ಅಂಕಿಯನ್ನೆಲ್ಲ ನಂಬಬಹುದೇ? ಅದೇ ವ್ಯಕ್ತಿಯನ್ನು ವಾರದ ನಂತರ ಮತ್ತೆ ಅಳೆದಾಗ ಹೆಚ್ಚುಕಡಿಮೆ ಅದೇ ಅಂಕಿ ಬರಬೇಕು. ಮುಂಡಭಾಗದಲ್ಲಿ ಇದು ಸುಲಭವಲ್ಲ. ಅದು ಮೊಣಕಾಲಿನಂತೆ ಒಂದೇ ಕೀಲಲ್ಲ, ಬೆನ್ನುಮೂಳೆಯ ಹಲವು ಮಣಿಗಳ ಸಾಲು. ಸೊಂಟದ ಮಟ್ಟದಲ್ಲಿ ಒಂದೊಂದು ಮಣಿ ತಿರುಗುವುದು ಒಂದೆರಡು ಡಿಗ್ರಿಯಷ್ಟೇ. ಹೆಚ್ಚಿನ ತಿರುವು ಎದೆಯ ಮಟ್ಟದ್ದು. ಸೊಂಟವನ್ನು ಪಟ್ಟಿಯಿಂದ ಬಿಗಿಯದಿದ್ದರೆ ತೊಡೆ, ಪೃಷ್ಠಗಳ ಬಲವೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಅಭ್ಯಾಸದ್ದೂ ಒಂದು ತೊಡಕು. ಮೊದಲ ದಿನ ಯಂತ್ರ ಹೊಸದು. ಎರಡನೆಯ ದಿನ ಬಲ ಹೆಚ್ಚದಿದ್ದರೂ ಅಂಕಿ ಏರಬಹುದು. ಆದ್ದರಿಂದ ಮುಂಚೆಯೇ ರೂಢಿ ಮಾಡಿಸಬೇಕು. ಕೂರುವ ಭಂಗಿ, ತಿರುಗುವ ಕೋನ, ವೇಗ, ವಿಶ್ರಾಂತಿ, ಕೊನೆಗೆ ಹುರಿದುಂಬಿಸುವ ಮಾತು ಕೂಡ ಎರಡೂ ಸಲ ಒಂದೇ ಇರಬೇಕು.

ಇಷ್ಟಾದರೂ ಕೊಂಚ ವ್ಯತ್ಯಾಸ ಉಳಿಯುತ್ತದೆ. ಅದೆಷ್ಟೆಂದು ತಿಳಿಯುವುದೇ ಮುಖ್ಯ. ಎರಡನೆಯ ಸಲ ಪ್ರತಿಯೊಬ್ಬರ ಅಂಕಿಯೂ 10 ಹೆಚ್ಚಾಗಿದ್ದರೂ ಎರಡು ಪಟ್ಟಿಗಳ ಸಾಮಾನ್ಯ ಸಹಸಂಬಂಧ ಪೂರ್ಣವಾಗಿಯೇ ಕಾಣುತ್ತದೆ. ಅದನ್ನಷ್ಟೇ ನಂಬದೆ ಅಳತೆಗಳ ನಡುವಿನ ವ್ಯತ್ಯಾಸವನ್ನೇ ಪರಿಶೀಲಿಸಬೇಕೆಂದು ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ತೋರಿಸಿಕೊಟ್ಟರು.

ಯಂತ್ರವಿಲ್ಲದ ಕಾಲೇಜುಗಳಲ್ಲಿ ಮೆಡಿಸಿನ್ ಬಾಲನ್ನು ಪಕ್ಕದಿಂದ ಎಸೆಸಿ ದೂರ ಅಳೆಯಬಹುದು. ಆದರೆ ಅಲ್ಲಿ ಕೈಕಾಲಿನ ಬಲವೂ ಬೆರೆತಿರುತ್ತದೆ ಎಂಬುದು ನೆನಪಿರಲಿ.

ಕ್ರೀಡಾಪಟುವಿನ ಬಲ ಕುಗ್ಗಿದೆಯೆಂದು ತಂಡದಿಂದ ಕೈಬಿಡುವಾಗ, ಬೆನ್ನುನೋವಿನಿಂದ ಚೇತರಿಸಿಕೊಂಡವರನ್ನು ಮತ್ತೆ ಆಟಕ್ಕಿಳಿಸುವಾಗ ಇಂಥ ಅಂಕಿಗಳನ್ನು ಮುಂದಿಡುವುದುಂಟು. ಆಗ ವಿದ್ಯಾರ್ಥಿಗಳೂ ತಂದೆತಾಯಿಯರೂ ಒಂದು ಪ್ರಶ್ನೆ ಕೇಳಬೇಕು: ಮರುಅಳತೆಯಲ್ಲಿ ಏರುಪೇರು ಎಷ್ಟು? ತನ್ನಷ್ಟಕ್ಕೇ 8 ನ್ಯೂಟನ್-ಮೀಟರ್ ಹೊಯ್ದಾಡುವ ಪರೀಕ್ಷೆಯಲ್ಲಿ 5 ಇಳಿದರೆ ಬಲ ಕುಗ್ಗಿತೆನ್ನಲಾಗದು, 5 ಏರಿದರೆ ಹೆಚ್ಚಿತೆಂದೂ ಹೇಳಲಾಗದು.