ನಾಯಕನ ಕನ್ನಡ, ನಗಿಸುವವನ ಕನ್ನಡ

ಕನ್ನಡದ ಕಮರ್ಷಿಯಲ್ ಸಿನಿಮಾದಲ್ಲಿ ಒಂದು ಪಾತ್ರ ಬಾಯಿ ತೆರೆದ ಮೊದಲ ಸಾಲಿಗೇ ಅದರ ಹಣೆಬರಹ ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತದೆ. ‘ಯಾಕ್ರೀ, ಎಲ್ಲಿಗೆ ಹೊಂಟೀರಿ?’ ಎಂದವನು ನಾಯಕನ ಪೆದ್ದ ಗೆಳೆಯನೋ ಹಳ್ಳಿಯಿಂದ ಬಂದ ಪೈಲ್ವಾನನೋ ಆಗಿರುತ್ತಾನೆ. ‘ಎಂಥದು ಮಾರಾಯ್ರೆ’ ಎಂದವನು ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುತ್ತಿರುತ್ತಾನೆ. ‘ಏನ್ಲಾ, ಎಲ್ಲೋಗಿದ್ದೆ’ ಎಂದವನ ಕೈಯಲ್ಲಿ ಮಚ್ಚು ಇದೆಯೇ ಎಂದು ನೋಡಬೇಕಾಗುತ್ತದೆ. ನಾಯಕನಿಗೆ ಮಾತ್ರ ಊರಿಲ್ಲ. ಕಥೆಯ ಪ್ರಕಾರ ಅವನು ವಿಜಯಪುರದಲ್ಲೇ ಹುಟ್ಟಿ ಬೆಳೆದಿರಬಹುದು, ಅವನ ಅಪ್ಪ, ಅಮ್ಮ, ಓಣಿಯವರೆಲ್ಲ ಅಲ್ಲಿಯ ಮಾತನ್ನೇ ಆಡುತ್ತಿರಬಹುದು. ಆದರೂ ಪ್ರೀತಿ ಹೇಳಿಕೊಳ್ಳುವ ಹೊತ್ತಿಗೆ ಅವನ ಬಾಯಿಂದ ಬರುವುದು ಬೆಂಗಳೂರು ಮೈಸೂರಿನ ನಡುವೆ ಎಲ್ಲೋ ಸಿಗುವ ಕನ್ನಡ.

ಇದಕ್ಕೆ ಅಪವಾದಗಳಿವೆ, ಒಳ್ಳೆಯ ಅಪವಾದಗಳೇ ಇವೆ. ಆದರೆ ಅವು ಅಪವಾದಗಳೆಂದು ಥಟ್ಟನೆ ಗುರುತಾಗುತ್ತವೆ ಎಂಬುದರಲ್ಲೇ ರೂಢಿ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ.

ಮಾಧ್ಯಮಗಳು ಜನರನ್ನು ಹೇಗೆ ರೂಪಿಸುತ್ತವೆ ಎಂಬ ಚರ್ಚೆ ಬಂದಾಗಲೆಲ್ಲ ಮಾತು ಚುನಾವಣೆ, ಜಾಹೀರಾತು, ಸುಳ್ಳುಸುದ್ದಿಗಳ ಕಡೆಗೆ ಹೊರಳುತ್ತದೆ. ಅವು ಹೇಳುವ ಸಂಗತಿಗಳ ಮಾತಾಯಿತು. ಹೇಳುವ ಬಾಯಿ ಯಾರದು ಎಂಬುದು ಇನ್ನೂ ಒಳಗೆ ಇಳಿಯುವ ಸಂದೇಶ, ಏಕೆಂದರೆ ಅದು ಸಂದೇಶವೆಂದು ಯಾರಿಗೂ ಅನ್ನಿಸುವುದಿಲ್ಲ. ಯಾವ ನಿರ್ದೇಶಕನೂ ‘ಹುಬ್ಬಳ್ಳಿಯವರು ನಗೆಪಾಟಲಿನವರು’ ಎಂದು ಸಿನಿಮಾ ಮಾಡುವುದಿಲ್ಲ. ಐವತ್ತು ವರ್ಷ, ನೂರಾರು ಸಿನಿಮಾ, ಸಾವಿರಾರು ಕಂತಿನ ಧಾರಾವಾಹಿಗಳಲ್ಲಿ ಹುಬ್ಬಳ್ಳಿಯ ಮಾತು ನಗೆಯ ಜಾಗದಲ್ಲೇ ಮತ್ತೆ ಮತ್ತೆ ಕೇಳಿಬಂದರೆ ಸಾಕು, ಉಳಿದ ಕೆಲಸ ತಾನಾಗಿ ಆಗುತ್ತದೆ.

ಈ ಏರ್ಪಾಟಿಗೆ ಒಂದು ಚರಿತ್ರೆ ಇದೆ, ಅದು ಪೂರ್ತಿ ಕೆಟ್ಟದ್ದೂ ಅಲ್ಲ. ಕನ್ನಡ ಸಿನಿಮಾ ಬೆಳೆದದ್ದು ಮದರಾಸಿನ ಸ್ಟುಡಿಯೋಗಳಲ್ಲಿ, ಆಮೇಲೆ ಮೈಸೂರು ಬೆಂಗಳೂರುಗಳಲ್ಲಿ. ಅದಕ್ಕೆ ನಟರನ್ನೂ ಮಾತಿನ ಧಾಟಿಯನ್ನೂ ಕೊಟ್ಟದ್ದು ಹಳೇ ಮೈಸೂರಿನ ನಾಟಕ ಕಂಪನಿಗಳು. 1956ರಲ್ಲಿ ಮುಂಬಯಿ, ಹೈದರಾಬಾದ್, ಮದರಾಸು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳು ಮೈಸೂರಿನೊಂದಿಗೆ ಒಂದಾದಾಗ, ಎಲ್ಲರೂ ಒಪ್ಪಬಹುದಾದ ಒಂದು ಕನ್ನಡ ಬೇಕಿತ್ತು. ಅದನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಪಠ್ಯಪುಸ್ತಕಕ್ಕಿಂತ ರಾಜ್‌ಕುಮಾರ್ ಪಾಲೇ ದೊಡ್ಡದೇನೋ. ಗಾಜನೂರಿನ ಕಡೆಯ, ಶಾಲೆಯಲ್ಲಿ ಹೆಚ್ಚು ಓದದ, ಗುಬ್ಬಿ ಕಂಪನಿಯ ರಂಗದ ಮೇಲೆ ನಾಲಿಗೆ ತಿದ್ದಿಕೊಂಡ ಮನುಷ್ಯ ಆತ. 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದೆ ಅವರು ಆಡಿದ ಕನ್ನಡ ಅವರ ಮನೆಯದೂ ಆಗಿರಲಿಲ್ಲ, ಬೇರೆ ಯಾರ ಮನೆಯದೂ ಆಗಿರಲಿಲ್ಲ. ಅದು ರಂಗದ ಮೇಲೆ ಹುಟ್ಟಿದ್ದು. ಯಾರ ಮನೆಯದೂ ಅಲ್ಲದ್ದರಿಂದಲೇ ಎಲ್ಲರೂ ಅದನ್ನು ತಮ್ಮದೆಂದುಕೊಳ್ಳಲು ಸಾಧ್ಯವಾಯಿತು. 1982ರ ಗೋಕಾಕ್ ಚಳವಳಿಯಲ್ಲಿ ಅವರು ಬೀದಿಗಿಳಿದಾಗ ಬೆಳಗಾವಿಯಿಂದ ಬೆಂಗಳೂರಿನವರೆಗೂ ಜನ ನೆರೆದದ್ದು ಇದೇ ಬಲದಿಂದ. ಓದುಬರಹ ಇಲ್ಲದವನೂ ಚಂದದ ಕನ್ನಡ ಆಡಬಹುದು ಎಂಬ ಹೆಮ್ಮೆಯನ್ನು ಕೊಟ್ಟದ್ದು ಪರದೆಯೇ. ಅದನ್ನು ಮರೆತು ಈ ವಿಷಯ ಮಾತಾಡುವುದು ನ್ಯಾಯವಲ್ಲ.

ತೊಂದರೆ ಶುರುವಾದದ್ದು ಆ ಕನ್ನಡದ ಪಕ್ಕದಲ್ಲಿ ಉಳಿದವನ್ನು ಎಲ್ಲಿ ಕೂರಿಸಿದರು ಎಂಬಲ್ಲಿ. ಸಾಹಿತ್ಯ ಈ ಲೆಕ್ಕವನ್ನು ಎಂದೋ ಚುಕ್ತಾ ಮಾಡಿದೆ. ಧಾರವಾಡದ ಆಡುಮಾತನ್ನು ಕಾವ್ಯಕ್ಕೇರಿಸಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು. ದೇವನೂರ ಮಹಾದೇವರ ‘ಕುಸುಮಬಾಲೆ’ ಚಾಮರಾಜನಗರ, ನಂಜನಗೂಡು ಕಡೆಯ ಮಾತಿನಲ್ಲೇ ಇದೆ, ಅದನ್ನು ಓದಲು ಬೆಂಗಳೂರಿನ ಓದುಗರೇ ತಿಣುಕಾಡಬೇಕಾಯಿತು. ತಿಣುಕಾಡಿದರು, ಓದಿದರು, ಬೆಲೆ ಕೊಟ್ಟರು. ಪುಸ್ತಕದಲ್ಲಿ ಕಾವ್ಯವಾದ ಮಾತೇ ಪರದೆಯ ಮೇಲೆ ಬಂದಾಗ ಜೋಕಾಗುವುದು ವಿಚಿತ್ರ. ಪುಸ್ತಕ ಓದುವವರು ಸಾವಿರ, ಪರದೆ ನೋಡುವವರು ಕೋಟಿ. ಹಾಗಾಗಿ ಜೋಕೇ ಗೆದ್ದಿತು.

ಕರಾವಳಿಯ ಕನ್ನಡದ ಕಥೆ ಇನ್ನೂ ತಮಾಷೆಯದು. ಮಂಗಳೂರು, ಉಡುಪಿಗಳ ಎಷ್ಟೋ ಮನೆಗಳಲ್ಲಿ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅಲ್ಲಿನವರಿಗೆ ಕನ್ನಡ ಬಂದದ್ದು ಶಾಲೆಯಿಂದ, ಯಕ್ಷಗಾನದಿಂದ, ಪತ್ರಿಕೆಯಿಂದ. ಅದಕ್ಕೇ ಅವರ ಕನ್ನಡ ಬರಹಕ್ಕೆ ಹತ್ತಿರ: ‘ಬರುತ್ತೇನೆ’, ‘ಹೋಗಬೇಕು’ ಎಂದು ಪದದ ತುದಿ ನುಂಗದೆ ಪೂರ್ತಿ ಹೇಳುತ್ತಾರೆ. ಸಿನಿಮಾ ಅದನ್ನೂ ನಗೆಗೇ ಬಳಸಿತು. ಅಂದರೆ ಪುಸ್ತಕದಂತೆ ಮಾತಾಡಿದರೆ ನಗು, ಪುಸ್ತಕದಂತೆ ಮಾತಾಡದಿದ್ದರೂ ನಗು. ಇದು ಶುದ್ಧ ಅಶುದ್ಧಗಳ ಪ್ರಶ್ನೆಯೇ ಅಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಕೇಂದ್ರದಿಂದ ದೂರ ಇರುವುದೇ ಇಲ್ಲಿ ನಗೆಗೆ ಕಾರಣ.

ಟೀವಿ ನೋಡಿ ಜನರ ಮಾತು ಬದಲಾಗುತ್ತದೆಯೇ? ಹೆಚ್ಚಿನ ಭಾಷಾವಿಜ್ಞಾನಿಗಳು ಬಹಳ ಕಾಲ ಇಲ್ಲ ಎಂದೇ ಹೇಳಿದ್ದಾರೆ. ಉಚ್ಚಾರಣೆ, ವ್ಯಾಕರಣಗಳು ಎದುರುಬದುರು ಕೂತು ಆಡುವ ಮಾತಿನಿಂದ ಹರಡುತ್ತವೆ, ಪರದೆಯಿಂದಲ್ಲ ಎಂಬುದು ಅವರ ವಾದ. ಲಂಡನ್ನಿನ ಧಾರಾವಾಹಿಯೊಂದನ್ನು ಮನಸ್ಸಿಟ್ಟು ನೋಡುವ ಗ್ಲಾಸ್ಗೋ ನಗರದ ಹದಿಹರೆಯದವರಲ್ಲಿ ಕೆಲವು ಉಚ್ಚಾರಣೆಗಳು ಹೆಚ್ಚಾಗಿ ಕಂಡವು ಎಂದು ಜೇನ್ ಸ್ಟುವರ್ಟ್-ಸ್ಮಿತ್ ತೋರಿಸಿದ ಮೇಲೆ ಆ ವಾದ ಸ್ವಲ್ಪ ಸಡಿಲವಾಗಿದೆ, ಅಷ್ಟೆ. ಹಾಗಾದರೆ ಪರದೆ ನಿರಪರಾಧಿಯೇ? ಅಲ್ಲ. ಅದು ನಾಲಿಗೆಯನ್ನು ಅಷ್ಟಾಗಿ ಬದಲಿಸದಿರಬಹುದು, ಯಾವ ನಾಲಿಗೆಗೆ ಎಷ್ಟು ಬೆಲೆ ಎಂಬುದನ್ನು ಮಾತ್ರ ಗೊತ್ತು ಮಾಡುತ್ತದೆ.

ಬೆಲೆ ಗೊತ್ತಾದ ಮೇಲೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಒಂದು ಹಳೆಯ ಪ್ರಯೋಗವಿದೆ. ಮಾಧ್ಯಮದ ಬಗ್ಗೆ ನಡೆದದ್ದಲ್ಲವಾದರೂ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. 1960ರಲ್ಲಿ ವ್ಯಾಲೆಸ್ ಲ್ಯಾಂಬರ್ಟ್ ಮತ್ತು ಜೊತೆಗಾರರು ಪ್ರಕಟಿಸಿದ್ದು ಅದು. ಮಾಂಟ್ರಿಯಲ್ ನಗರದಲ್ಲಿ ಎರಡೂ ಭಾಷೆ ಬಲ್ಲ ಕೆಲವರಿಂದ ಒಂದೇ ಭಾಗವನ್ನು ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಿಸಿ ಧ್ವನಿಮುದ್ರಿಸಿದರು. ಕೇಳುವವರಿಗೆ ಇವು ಬೇರೆ ಬೇರೆ ಜನರ ದನಿಗಳು ಎಂದರು. ಇಂಗ್ಲಿಷ್ ದನಿಯವರು ಎತ್ತರದವರು, ಬುದ್ಧಿವಂತರು, ನಂಬಿಕಸ್ಥರು ಎಂದು ಇಂಗ್ಲಿಷ್ ಮಾತಾಡುವ ಕೇಳುಗರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಫ್ರೆಂಚ್ ಮನೆಮಾತಿನ ಕೇಳುಗರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ತಮ್ಮವರ ದನಿಗೆ ಅವರು ಬಿಟ್ಟುಕೊಟ್ಟದ್ದು ಕರುಣೆ, ದೈವಭಕ್ತಿಗಳಂಥ ಗುಣಗಳನ್ನು ಮಾತ್ರ.

ಕನ್ನಡ ಸಿನಿಮಾ ಉತ್ತರ ಕರ್ನಾಟಕದವರಿಗೆ ಬಿಟ್ಟುಕೊಟ್ಟದ್ದೂ ಇದನ್ನೇ ಅಲ್ಲವೇ? ಮನಸ್ಸು ಒಳ್ಳೆಯದು, ಮುಗ್ಧರು, ರೊಟ್ಟಿ ತಿನ್ನುವ ಗಟ್ಟಿ ಜನ. ಮೆಚ್ಚುಗೆಯ ಮಾತೇ. ಆದರೆ ಮುಗ್ಧನನ್ನು ಯಾರೂ ಕಂಪನಿಯ ಮೀಟಿಂಗಿನಲ್ಲಿ ಮಾತಾಡಲು ಕರೆಯುವುದಿಲ್ಲ.

ಇದರ ಪರಿಣಾಮ ಸಿನಿಮಾ ಥಿಯೇಟರಿನ ಹೊರಗೆ ಕಾಣುತ್ತದೆ. ಕಲಬುರಗಿಯಿಂದ ಬೆಂಗಳೂರಿನ ಕಾಲೇಜು ಸೇರಿದ ಹುಡುಗ ಮೊದಲ ತಿಂಗಳಲ್ಲೇ ‘ಹೋಗಾಕತ್ತೀನಿ’ಯನ್ನು ‘ಹೋಗ್ತಾ ಇದೀನಿ’ ಮಾಡಿಕೊಳ್ಳುತ್ತಾನೆ. ಹಾಸ್ಟೆಲಿನಲ್ಲಿ ಅವನು ಬಾಯಿ ತೆರೆದೊಡನೆ ಯಾರೋ ಒಂದು ಸಿನಿಮಾ ಡೈಲಾಗ್ ಹೊಡೆದು ನಗುತ್ತಾರೆ. ಅದರಲ್ಲಿ ದ್ವೇಷವೇನೂ ಇರುವುದಿಲ್ಲ. ನಗುವವರಿಗೆ ಆ ಮಾತು ಗೊತ್ತಿರುವುದೇ ನಗೆಯಾಗಿ. ಹುಡುಗಿಯರ ಪಾಡು ಇನ್ನೂ ಕಷ್ಟ. ಹಾಸ್ಯನಟನಾದರೂ ಊರಿನ ಮಾತಾಡುತ್ತಾನೆ, ನಾಯಕಿಗೆ ಅದೂ ಇಲ್ಲ. ಎಷ್ಟೋ ಸಲ ಆಕೆ ಬೇರೆ ರಾಜ್ಯದವಳು, ದನಿ ಬೆಂಗಳೂರಿನ ಡಬ್ಬಿಂಗ್ ಕಲಾವಿದೆಯದು. ರಾಯಚೂರಿನ ಹುಡುಗಿಗೆ ಚೆಲುವೆ ಎಂದರೆ ಹೇಗೆ ಮಾತಾಡಬೇಕು ಎಂದು ಕಲಿಸುವ ಆ ದನಿ ತೆರೆಯ ಮೇಲೆ ಕಾಣುವ ಹೆಣ್ಣಿನದೂ ಅಲ್ಲ.

ಇತ್ತೀಚೆಗೆ ಇದಕ್ಕೆ ಹಕಾರದ ಕಾವಲುಗಾರರು ಬೇರೆ ಸೇರಿಕೊಂಡಿದ್ದಾರೆ. ಸುದ್ದಿವಾಹಿನಿಯ ನಿರೂಪಕಿ ‘ಹ’ಗೆ ‘ಅ’ ಎಂದರೆ ಆ ತುಣುಕು ಮರುದಿನ ಎಲ್ಲರ ಮೊಬೈಲಿನಲ್ಲಿ. ಹಕಾರ ಬಿಡುವುದು ಹಳೇ ಮೈಸೂರಿನ ಹಳ್ಳಿಗಳಲ್ಲಿ ಲಕ್ಷಾಂತರ ಜನರ ಸಹಜ ಉಚ್ಚಾರಣೆ. ಮಹಾಪ್ರಾಣಗಳ ಬಗ್ಗೆಯೂ ಹೀಗೇ, ಹೆಚ್ಚಿನ ಕನ್ನಡಿಗರ ಬಾಯಲ್ಲಿ ಅವು ಇಲ್ಲವೇ ಇಲ್ಲ ಎಂದು ಡಿ.ಎನ್. ಶಂಕರ ಬಟ್ ದಶಕಗಳ ಕಾಲ ಹೇಳಿದರು. ನಿರೂಪಕಿಗೆ ವೃತ್ತಿಯ ಶಿಸ್ತು ಇರಲಿ ಎನ್ನುವುದು ಒಪ್ಪತಕ್ಕದ್ದೇ. ಆದರೆ ಆ ಟ್ರೋಲ್ ತಲುಪುವುದು ಆಕೆಯೊಬ್ಬಳಿಗೇ ಅಲ್ಲ. ಅಂಥದ್ದೇ ಉಚ್ಚಾರಣೆಯ ಮನೆಯಿಂದ ಬಂದು, ಕ್ಲಾಸಿನಲ್ಲಿ ಕೈ ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತಿರುವವಳಿಗೂ ತಲುಪುತ್ತದೆ.

ಕರ್ನಾಟಕದ ಹೊರಗಿರುವ ಕನ್ನಡಿಗರ ಮನೆಗಳಲ್ಲಿ ಈ ಸಂಗತಿಗೆ ಇನ್ನೊಂದು ಮುಖವಿದೆ. ಪುಣೆ, ಸೊಲ್ಲಾಪುರಗಳ ಕನ್ನಡ ಬಹುಮಟ್ಟಿಗೆ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯದು. ಹೈದರಾಬಾದಿನದು ಬೀದರ್, ರಾಯಚೂರುಗಳದ್ದು. ಮುಂಬಯಿಯ ಕನ್ನಡದಲ್ಲಿ ಕರಾವಳಿಯ ಪಾಲು ದೊಡ್ಡದು. ಊರಿನಲ್ಲಿದ್ದರೆ ಮಕ್ಕಳಿಗೆ ಸಂತೆ, ಬಸ್ಸು, ಶಾಲೆ, ಜಾತ್ರೆಗಳಲ್ಲಿ ತಮ್ಮದೇ ಕನ್ನಡ ಸಾವಿರ ಬಾಯಿಂದ ಕೇಳುತ್ತದೆ, ಟೀವಿಯ ಕನ್ನಡ ಅದರಲ್ಲಿ ಒಂದಾಗಿರುತ್ತದೆ. ಪುಣೆಯ ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ ಕನ್ನಡ ಎಂದರೆ ಎರಡೇ ಕಡೆ: ಅಜ್ಜಿ ಮತ್ತು ಸಂಜೆಯ ಧಾರಾವಾಹಿ. ಇವೆರಡೂ ಹೊಂದುವುದಿಲ್ಲ. ಅಜ್ಜಿ ‘ಭಾಳ ಛಲೋ ಆತು’ ಎಂದರೆ ಮೊಮ್ಮಗಳು ‘ತುಂಬಾ ಒಳ್ಳೇದಾಯ್ತು ಅನ್ಬೇಕು ಅಜ್ಜಿ’ ಎಂದು ತಿದ್ದುತ್ತಾಳೆ. ಅಜ್ಜಿಯೂ ‘ನಮ್ಮದು ಸುದ್ದ ಕನ್ನಡ ಅಲ್ಲ ಬಿಡವಾ’ ಎಂದು ಒಪ್ಪಿಕೊಂಡುಬಿಡುತ್ತಾಳೆ. ಮಾಂಟ್ರಿಯಲ್ಲಿನ ಫ್ರೆಂಚರು ಹೇಳಿದ್ದೂ ಇದನ್ನೇ. ಆಮೇಲೆ ಆಗುವುದೇನು? ಅಜ್ಜಿಯ ಕನ್ನಡ ತಪ್ಪು, ಧಾರಾವಾಹಿಯ ಕನ್ನಡ ಪರಕೀಯ. ಎರಡರ ನಡುವೆ ಮಗು ಮರಾಠಿಗೋ ಇಂಗ್ಲಿಷಿಗೋ ಹೊರಳುತ್ತದೆ, ಅಲ್ಲಿ ಯಾರೂ ತಿದ್ದುವುದಿಲ್ಲ. ಹೊರನಾಡಿನಲ್ಲಿ ಕನ್ನಡ ಉಳಿಯುತ್ತಿಲ್ಲ ಎಂದು ಕೊರಗುವ ಸಂಘಗಳು ಈ ಒಂದು ಕಾರಣವನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಇದು ಹೀಗೇ ಇರಬೇಕೆಂದೇನೂ ಇಲ್ಲ ಎಂಬುದು ಹೈದರಾಬಾದಿನ ಓದುಗರಿಗೆ ಚೆನ್ನಾಗಿ ಗೊತ್ತಿರುತ್ತದೆ. ತೆಲುಗು ಸಿನಿಮಾ ತೆಲಂಗಾಣದ ಮಾತನ್ನು ದಶಕಗಳ ಕಾಲ ಹಾಸ್ಯಗಾರರಿಗೂ ಖಳರಿಗೂ ಮೀಸಲಿಟ್ಟಿತ್ತು. ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ನೀರು, ನೌಕರಿಗಳ ಜೊತೆಗೆ ಈ ಅವಮಾನವೂ ಒಂದು ದೂರಾಗಿತ್ತು. 2014ರಲ್ಲಿ ರಾಜ್ಯ ಬಂತು. 2017ರ ‘ಫಿದಾ’ದಲ್ಲಿ ಸಾಯಿ ಪಲ್ಲವಿ ತೆಲಂಗಾಣದ ತೆಲುಗಿನಲ್ಲೇ ಪ್ರೀತಿಸಿದಳು, ಜಗಳವಾಡಿದಳು, ಅದೂ ತನ್ನದೇ ದನಿಯಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಮರಾಠಿಯ ‘ಸೈರಾಟ್’ನ ಆರ್ಚಿ ಪುಣೇರಿ ಮರಾಠಿಯ ಹಂಗಿಲ್ಲದೆ ಬುಲೆಟ್ ಓಡಿಸಿದ್ದಳು. ಹಳ್ಳಿಯ ಹುಡುಗಿ ಹಳ್ಳಿಯ ಮಾತಿನಲ್ಲೇ ನಾಯಕಿಯಾದರೆ ಟಿಕೆಟು ಮಾರಾಟವಾಗುವುದಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು.

ಕನ್ನಡದಲ್ಲಿ ಪ್ರಯತ್ನ ನಡೆದಿಲ್ಲವೆಂದಲ್ಲ. 1997ರ ‘ನಾಗಮಂಡಲ’ ಉತ್ತರ ಕರ್ನಾಟಕದ ಮಾತಿಗೆ ಗಂಭೀರ ಪ್ರೇಮಕಥೆಯನ್ನು ಒಪ್ಪಿಸಿತ್ತು. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಅಲ್ಲಿನ ಜನರನ್ನೇ ಇಟ್ಟುಕೊಂಡು ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆಯಿತು. ಅದರಲ್ಲಿ ನಗೆ ಬೇಕಾದಷ್ಟಿದೆ, ಆದರೆ ನಗು ಮಾತಿನ ಧಾಟಿಗಲ್ಲ, ಮನುಷ್ಯರ ಆಸೆಬುರುಕತನಕ್ಕೆ. 2022ರ ‘ಕಾಂತಾರ’ದ ನಾಯಕ ಕುಂದಾಪುರದ ಕಡೆಯ ಕನ್ನಡವನ್ನೇ ಆಡುತ್ತಾನೆ, ಮೈಸೂರಿನವರೂ ಕಲಬುರಗಿಯವರೂ ಅದನ್ನು ಮತ್ತೆ ಮತ್ತೆ ಹೋಗಿ ನೋಡಿದರು. ಇದರಲ್ಲೂ ಒಂದು ಎಚ್ಚರ ಬೇಕು. ಪ್ರಾದೇಶಿಕ ಮಾತು ಬರಲು ಕಾಡು, ದೈವ, ಕೋಲದಂಥ ‘ಮಣ್ಣಿನ ಕಥೆ’ಯೇ ಬೇಕು ಎಂಬ ಹೊಸ ರೂಢಿ ಹುಟ್ಟುವಂತಿದೆ. ಕುಂದಾಪುರದ ಕನ್ನಡ ಆಡುವ ಹೃದಯತಜ್ಞೆ, ಧಾರವಾಡದ ಕನ್ನಡ ಆಡುವ ಸಾಫ್ಟ್‌ವೇರ್ ಎಂಜಿನಿಯರ್ ಪರದೆಗೆ ಬಂದ ದಿನ ನಂಬಬಹುದು. ಅಂಥವರು ಬದುಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬಾಗಲಕೋಟೆ, ವಿಜಯಪುರ ಕಡೆಯ ಹುಡುಗರು ಮೊಬೈಲಿನಲ್ಲೇ ಚಿತ್ರೀಕರಿಸಿ ಹರಿಬಿಡುವ ಕಿರುನಾಟಕಗಳು ಬೆಂಗಳೂರಿನ ಅಪ್ಪಣೆ ಕೇಳದೆ ಲಕ್ಷಗಟ್ಟಲೆ ಜನರನ್ನು ತಲುಪುತ್ತಿವೆ. ಅವುಗಳಲ್ಲಿ ಹೆಚ್ಚಿನವು ಇನ್ನೂ ಕಾಮಿಡಿಯೇ. ಸಿನಿಮಾ ಕೊಟ್ಟ ಕುರ್ಚಿಯಲ್ಲೇ ಅವರು ತಾವಾಗಿ ಕೂತಂತಿದೆ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಎಲ್ಲರೂ ಅದೇ ಮಾತಾಡುತ್ತಾರೆ, ಸಾಲಗಾರನೂ ಸಾಹುಕಾರನೂ, ಗಂಡನೂ ಹೆಂಡತಿಯೂ. ಹಾಗಾಗಿ ನಗಿಸಲು ಮಾತಿನ ಧಾಟಿಯೊಂದೇ ಸಾಲದು, ಕಥೆಯೂ ಬೇಕಾಗುತ್ತದೆ.

ಈಗ ಈ ಪ್ರಶ್ನೆ ಡಬ್ಬಿಂಗ್ ಬರಹಗಾರರ ಮೇಜಿಗೂ ಬಂದಿದೆ. ಡಬ್ಬಿಂಗ್ ತಡೆಯುವುದು ತಪ್ಪೆಂದು 2015ರಲ್ಲಿ ಸ್ಪರ್ಧಾ ಆಯೋಗ ಹೇಳಿದ ಮೇಲೆ ಬೇರೆ ಭಾಷೆಯ ಚಿತ್ರಗಳು ಒಂದೊಂದಾಗಿ ಕನ್ನಡದಲ್ಲಿ ಬರುತ್ತಿವೆ. ತೆಲಂಗಾಣದ ಕಲ್ಲಿದ್ದಲು ಗಣಿಯ ಹುಡುಗನೊಬ್ಬ ತನ್ನ ಊರಿನ ತೆಲುಗು ಆಡುತ್ತಾನೆ ಎಂದಿಟ್ಟುಕೊಳ್ಳಿ, ಅವನಿಗೆ ಕನ್ನಡದಲ್ಲಿ ಯಾವ ಊರಿನ ಬಾಯಿ ಕೊಡಬೇಕು? ಗಡಿ ದಾಟಿದರೆ ಬೀದರ್, ಅದರ ಕನ್ನಡ ಅವನಿಗೆ ಹೇಳಿ ಮಾಡಿಸಿದಂತಿದೆ. ಹಾಗೆ ಬರೆದರೆ ಮೊದಲ ಸಾಲಿಗೇ ಥಿಯೇಟರಿನಲ್ಲಿ ನಗು ಏಳುತ್ತದೆ ಎಂಬ ಭಯ ದುಡ್ಡು ಹಾಕಿದವರಿಗೆ ಇರುತ್ತದೆ. ಏಳಬಹುದು. ‘ಕಾಂತಾರ’ದ ಮಟ್ಟಿಗೆ ಹೇಳುವುದಾದರೆ, ಪ್ರೇಕ್ಷಕರು ಆ ಕನ್ನಡಕ್ಕೆ ಕಿವಿ ಹೊಂದಿಸಿಕೊಳ್ಳಲು ಹತ್ತು ನಿಮಿಷವೂ ಬೇಕಾಗಲಿಲ್ಲ.