ಇಬ್ಬರಿಗೆ ಯಾರು ಕಡುಬು ಕಟ್ತಾರೆ?

ಬೆಂಗಳೂರಿಗೆ ಬಂದ ಮಲೆನಾಡಿನವರಿಗೆ ಮೊದಲ ಮೋಸ ಆಗುವುದು ಅಕ್ಕಿ ರೊಟ್ಟಿಯಲ್ಲಿ. ಹೋಟೆಲ್ ಬೋರ್ಡಿನಲ್ಲಿ ಹೆಸರು ನೋಡಿ ಆಸೆಯಿಂದ ಆರ್ಡರ್ ಮಾಡಿದರೆ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ತುರಿ ಎಲ್ಲ ಸೇರಿಸಿ ಕಾವಲಿಗೆ ತಟ್ಟಿದ ದಪ್ಪನೆಯ ರೊಟ್ಟಿ ಬರುತ್ತದೆ. ಅದೂ ರುಚಿಯೇ, ಇಲ್ಲ ಎನ್ನುವುದಿಲ್ಲ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಕ್ಕಿ ರೊಟ್ಟಿ ಎಂದರೆ ಅದಲ್ಲ. ಕುದಿಯುವ ನೀರಿಗೆ ಉಪ್ಪು, ಹಿಟ್ಟು ಹಾಕಿ ಬೇಯಿಸಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಿ, ತೆಳ್ಳಗೆ ಮಾಡಿ, ಕಾವಲಿಯಿಂದ ತೆಗೆದು ಕೆಂಡದ ಮೇಲಿಟ್ಟಾಗ ಅದು ಪೂರಿಯ ಹಾಗೆ ಉಬ್ಬಬೇಕು. ಕಡುಬಿನ ಕಥೆಯೂ ಅಷ್ಟೇ. ನನ್ನ ಪಿಜಿಯಲ್ಲಿರುವ ಮೈಸೂರಿನ ಗೆಳತಿಗೆ ಕಡುಬು ಎಂದರೆ ಗಣೇಶನ ಹಬ್ಬದ ಸಿಹಿ, ಹುಬ್ಬಳ್ಳಿಯವಳಿಗೆ ಹೂರಣ ತುಂಬಿದ ಕರಿಗಡುಬು. 'ಕಡುಬಿಗೆ ಕೋಳಿ ಸಾರು' ಎಂದರೆ ಇಬ್ಬರೂ ನನ್ನ ಮುಖವನ್ನೇ ನೋಡುತ್ತಾರೆ. ಅಕ್ಕಿ ತರಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿದರೆ ಅದು ಕಡುಬು ಎಂದು ವಿವರಿಸಿದೆ. 'ಹಾಗಾದರೆ ಇಡ್ಲಿ' ಎಂದಳು ಒಬ್ಬಳು. ಅಲ್ಲಿಗೆ ಮಾತು ನಿಲ್ಲಿಸಿದೆ.

ನನ್ನದು ಶೆಟ್ಟಿಕೊಪ್ಪದ ಹತ್ತಿರದ ಒಂದು ಹಳ್ಳಿ. ಈಗ ವಿಜಯನಗರದ ಪಿಜಿಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹೊಟ್ಟೆಗೆ ಕಷ್ಟವಿಲ್ಲ. ಪಿಜಿಯಲ್ಲಿ ದಿನಾ ಅನ್ನ, ಬಣ್ಣ ಮಾತ್ರ ಬದಲಾಗುವ ಸಾರು ಇರುತ್ತದೆ. ತಿಂಗಳ ಕೊನೆಗೆ ಕೈ ಖಾಲಿಯಾದರೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಬಂದದ್ದು. ನಮ್ಮಂಥ ಎಷ್ಟೋ ಜನರ ಓದನ್ನು ಅದು ಕಾಪಾಡಿದೆ. ಹಾಗಾಗಿ ಊರಿನ ತಿಂಡಿ ನೆನಪಾಗುತ್ತದೆ ಎಂದರೆ 'ಹೊಟ್ಟೆ ತುಂಬಿದವರ ಹಾಡು' ಎಂದು ನಗುವವರೂ ಇದ್ದಾರೆ. ಇನ್ನು ಕೆಲವರು 'ಈಗ ಎಲ್ಲ ಆನ್‌ಲೈನ್‌ನಲ್ಲಿ ಸಿಗುತ್ತದೆ, ರೆಸಿಪಿ ಯೂಟ್ಯೂಬ್‌ನಲ್ಲಿದೆ' ಎನ್ನುತ್ತಾರೆ. ಈ ಎರಡನೆಯವರ ಜತೆ ನನಗೆ ಸ್ವಲ್ಪ ಜಗಳವಿದೆ.

ಯಾಕೆಂದರೆ ನಮಗೆ ನೆನಪಾಗುವುದು ಒಂದು ತಿಂಡಿಯಲ್ಲ, ಒಂದು ವಾರ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಏರುವ ಹತ್ತುಮೀನಿಗೆ ಒಂದು ವಾರ. ಗುಡುಗಿದ ಮೇಲೆ ಹುತ್ತದ ಸುತ್ತ ಏಳುವ ಅಣಬೆಗೆ ಕೆಲವೇ ದಿನ. ಕಳಲೆ ಮಳೆಗಾಲದ್ದು. ಮರದ ಕೊಂಬೆಯ ಪಾಚಿಯಲ್ಲಿ ಹುಟ್ಟುವ ಮರಕೆಸ ಆಷಾಢದ್ದು, ಅದರಲ್ಲಿ ಮಾಡಿದ ಪತ್ರೊಡೆಯ ರುಚಿ ನೆಲದ ಕೆಸುವಿಗೆ ಬರುವುದಿಲ್ಲ (ಇದು ನಮ್ಮ ಮನೆಯ ಅಭಿಪ್ರಾಯ, ಒಪ್ಪದವರು ಬರೆಯಲಿ). ಹಲಸಿನ ಹಣ್ಣಿನ ಕಡುಬಿಗೆ ಹಣ್ಣು ಮಳೆನೀರು ಕುಡಿದು ಸಪ್ಪೆಯಾಗುವ ಮೊದಲೇ ಕೈ ಹಾಕಬೇಕು. ಜುಲೈ ತಿಂಗಳಲ್ಲಿ ಲೈಬ್ರರಿಯ ಕಿಟಕಿಯ ಹೊರಗೆ ಬೆಂಗಳೂರಿನ ಪುಕ್ಕಲು ಮಳೆ ಹನಿಯುವಾಗ, 'ಅಲ್ಲಿ ಈಗ ಏನು ಬಂದಿರಬಹುದು' ಎನ್ನುವುದೇ ತಲೆಯಲ್ಲಿ ಓಡುತ್ತದೆ. ಯಾವ ಆ್ಯಪ್ ಆ ವಾರವನ್ನು ತಂದು ಬಾಗಿಲಲ್ಲಿ ಇಡುತ್ತದೆ?

ರೆಸಿಪಿಯ ವಿಷಯಕ್ಕೆ ಬರೋಣ. ಹಸಿ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ರಾಸಾಯನಿಕ ಇರುತ್ತದೆ ಎಂದು ನಾನು ತಿಳಿದುಕೊಂಡದ್ದು ಪರೀಕ್ಷೆಯ ವಿಜ್ಞಾನದ ಪುಸ್ತಕ ಓದುವಾಗ. ನನ್ನ ಅಜ್ಜಿಗೆ ಆ ಹೆಸರು ಗೊತ್ತಿರಲಿಲ್ಲ. ಹೆಚ್ಚಿದ ಕಳಲೆಯನ್ನು ಮೂರು ದಿನ ನೀರಿನಲ್ಲಿ ನೆನೆಹಾಕಬೇಕು, ದಿನಾ ನೀರು ಬದಲಿಸಬೇಕು, ಆ ನೀರನ್ನು ದನಕರು ಕುಡಿಯದ ಕಡೆ ಚೆಲ್ಲಬೇಕು ಎನ್ನುವುದು ಗೊತ್ತಿತ್ತು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿವೆ, ಗಂಟಲು ತುರಿಸುವುದು ಅದರಿಂದಲೇ. ಅಜ್ಜಿ ಅದಕ್ಕೆ ಹುಳಿ ಮುಂದಾಗಿ ಹಾಕಿ ಚೆನ್ನಾಗಿ ಬೇಯಿಸುತ್ತಿದ್ದಳು. ಯಾವ ಅಣಬೆ ತಿನ್ನುವಂಥದ್ದು, ಯಾವುದನ್ನು ಕಾಲಿನಿಂದಲೂ ಮುಟ್ಟಬಾರದು ಎನ್ನುವುದನ್ನು ವಿಡಿಯೊ ನೋಡಿ ಕಲಿಯಲು ಹೊರಟವರು ಆಸ್ಪತ್ರೆ ದಾರಿ ಹಿಡಿಯಬೇಕಾದೀತು. ಅದನ್ನು ಹತ್ತು ಮಳೆಗಾಲ ಒಬ್ಬರ ಹಿಂದೆ ನಡೆದೇ ಕಲಿಯಬೇಕು.

ನಮ್ಮಲ್ಲಿ ಹೆಚ್ಚಿನವರು ನಂಬಿಕೊಂಡಿರುವ ಒಂದು ವಿಷಯವಿದೆ. ನಾವು ಎಲ್ಲಿದ್ದರೂ ಊರಿನಲ್ಲಿ ಆ ರುಚಿ ಭದ್ರವಾಗಿದೆ, ರಜೆಗೆ ಹೋದರೆ ಸಿಗುತ್ತದೆ, ಕೆಲಸ ಸಿಕ್ಕ ಮೇಲೆ ಹಾಯಾಗಿ ತಿಂದರಾಯಿತು ಎಂದು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಫೋನಿನಲ್ಲಿ ಅಮ್ಮನಿಗೆ, 'ಕಡುಬು ತಿನ್ನಬೇಕು ಅನ್ನಿಸ್ತಿದೆ ಅಮ್ಮ, ನೀವು ಮಾಡಿರ್ತೀರ, ನನಗೆ ಮಾತ್ರ ಇಲ್ಲ' ಎಂದೆ.

'ಎಂತ ಕಡುಬು ಮಾರಾಯ್ತಿ, ಇಬ್ಬರಿಗೆ ಯಾರು ಕಡುಬು ಕಟ್ತಾರೆ? ನೀವಿಬ್ರೂ ಹೋದ ಮೇಲೆ ಆ ಪಾತ್ರೆನೇ ಇಳಿಸಿಲ್ಲ.'

ಹೌದಲ್ಲ. ಅಕ್ಕಿ ನೆನೆಸಿ, ಒಣಗಿಸಿ, ತರಿ ಮಾಡಿಸಿ, ಒಲೆಯ ಮುಂದೆ ನಿಂತು ತಿರುವಿ, ಉಂಡೆ ಕಟ್ಟಿ ಬೇಯಿಸುವ ಕೆಲಸವನ್ನು ಮೊಣಕಾಲು ನೋವಿರುವ ಒಬ್ಬ ಹೆಂಗಸು ಇಬ್ಬರಿಗಾಗಿ ಯಾಕೆ ಮಾಡಬೇಕು? ಅವರಿಬ್ಬರೂ ರಾತ್ರಿ ಅನ್ನ, ಮಧ್ಯಾಹ್ನದ ಸಾರು ಉಣ್ಣುತ್ತಾರೆ. ಹೆಚ್ಚುಕಮ್ಮಿ ನನ್ನ ಪಿಜಿಯ ಊಟವೇ. ನಮ್ಮ ಕೇರಿಯಲ್ಲಿ ಈಗ ಮಕ್ಕಳಿರುವ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಅಡಿಕೆ ತೋಟವನ್ನು ನಂಬಿದ ಭಾಗ ನಮ್ಮದು. ಹಳದಿ ಎಲೆ ರೋಗ ದಶಕಗಳಿಂದ ಇದೆ, ಅದರ ಮೇಲೆ ಎಲೆಚುಕ್ಕಿ ಬಂತು. 'ತೋಟ ನೋಡ್ಕೊಂಡು ಇರು' ಎಂದು ಮಕ್ಕಳಿಗೆ ಹೇಳುವ ಧೈರ್ಯ ಯಾವ ಅಪ್ಪನಿಗೂ ಇಲ್ಲ. ಎಷ್ಟೋ ಗದ್ದೆಗಳು ಅದಕ್ಕೂ ಮೊದಲೇ ತೋಟವಾಗಿದ್ದವು. ಗದ್ದೆ ಹೋದರೆ ಬದುವಿನ ಏಡಿ ಹೋಯಿತು, ಹತ್ತುಮೀನು ಏರುವ ದಾರಿ ಹೋಯಿತು, ಮನೆ ಭತ್ತದ ಅಕ್ಕಿ ಹೋಗಿ ಅಂಗಡಿಯ ಅಕ್ಕಿ ಬಂತು. ಕಳಲೆಗೆ ಕಾಡಿಗೆ ಕೈ ಹಾಕಿದರೆ ಅರಣ್ಯ ಕಾನೂನು ಅಡ್ಡ ಬರುತ್ತದೆ. ಅದು ಬಿದಿರು ಉಳಿಯಲಿ ಎಂದೇ ಇರುವ ಕಾನೂನು, ನನಗೆ ತಕರಾರಿಲ್ಲ. ಹಿತ್ತಲಲ್ಲಿ ಹಿಂಡಿಲು ಬೆಳೆಸಿಕೊಂಡವರಿಗೆ ಮಾತ್ರ ಕಳಲೆ, ಅಷ್ಟೇ. ನಾವು ಇಲ್ಲಿ ಕೂತು 'ಮಿಸ್ ಮಾಡ್ಕೊಳ್ತಿದೀವಿ' ಎಂದು ಸ್ಟೇಟಸ್ ಹಾಕುತ್ತಿರುವ ತಿಂಡಿ ಅಲ್ಲಿಯೂ ಕಾಣೆಯಾಗುತ್ತಿದೆ, ಅದಕ್ಕೆ ಒಂದು ಕಾರಣ ತಿನ್ನಲು ನಾವಿಲ್ಲದಿರುವುದು.

ಹಾಗೆಂದು ಎಲ್ಲರೂ ಊರಿಗೆ ವಾಪಸ್ ಹೋಗಿ ಎಂದು ಭಾಷಣ ಮಾಡುವವಳಲ್ಲ ನಾನು. ಕೆಲಸ ಬೇಕು, ಅದಕ್ಕೇ ಬಂದಿದ್ದೇವೆ. ನನ್ನ ಮಾತು ಇಷ್ಟೇ: ಊರು ಬಿಟ್ಟವರು ತಿಂಡಿಯ ನೆನಪನ್ನಲ್ಲ, ಅದನ್ನು ಮಾಡುವ ಕೆಲಸವನ್ನು ಜತೆಗೆ ತರಬೇಕು. ಇದಕ್ಕೆ ಉದಾಹರಣೆ ನಮ್ಮ ತಾಲೂಕಿನಲ್ಲೇ ಇದೆ. ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ನರಸಿಂಹರಾಜಪುರ ತಾಲೂಕಿನಲ್ಲಿ ಬಹಳ. ಅವರೂ ಊರು ಬಿಟ್ಟು ಬಂದವರು, ಅವರಿಗೂ ನಾಲಿಗೆಗೆ ಏನೋ ಕಡಿಮೆ ಅನ್ನಿಸಿದ್ದಿರಬೇಕು. ಅವರು ಮನೆ ಪಕ್ಕದ ಜಾಗದಲ್ಲಿ ಮರಗೆಣಸಿನ ಕಡ್ಡಿ ನೆಟ್ಟರು. ಅದನ್ನು ಅವರು ಕಪ್ಪ ಎನ್ನುತ್ತಾರೆ. ಅದರಲ್ಲೂ ಕಳಲೆಯ ಹಾಗೆ ವಿಷವಿದೆ, ಬೇಯಿಸಿ ನೀರು ಬಸಿದು ತಿನ್ನಬೇಕು ಎನ್ನುವ ಕ್ರಮವೂ ಕಡ್ಡಿಯ ಜತೆಗೇ ಬಂತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಡಬ್ಬಿಯಲ್ಲಿ ಕಪ್ಪ, ಮೀನು ಸಾರು ಇರುತ್ತಿತ್ತು. ನನ್ನ ಡಬ್ಬಿಯ ರೊಟ್ಟಿ ಅವಳಿಗೆ, ಅವಳ ಕಪ್ಪ ನನಗೆ. ಬೆಂಗಳೂರಿನಲ್ಲಿ ನನಗೆ ನೆನಪಾಗುವ 'ನಮ್ಮೂರ ತಿಂಡಿ'ಗಳಲ್ಲಿ ಅದೂ ಒಂದು. ನೋಡಿ, ಬೇರೆ ಊರಿಂದ ಬಂದದ್ದು!

ನನ್ನ ರೂಮ್‌ಮೇಟ್ ಕೆ-ಡ್ರಾಮಾ ಭಕ್ತೆ. ಕಿಮ್ಚಿಯ ಬಗ್ಗೆ ಅವಳಿಗೆ ಎಲ್ಲ ಗೊತ್ತು, ತಿಂದಿಲ್ಲ ಅಷ್ಟೇ. ದಕ್ಷಿಣ ಕೊರಿಯಾದ ಕಿಮ್ಚಿ ಯುನೆಸ್ಕೊ ಪಟ್ಟಿಗೆ ಸೇರಿದೆ ಎಂದು ಅವಳು ಹೆಮ್ಮೆಯಿಂದ ಹೇಳಿದಾಗ ಹುಡುಕಿ ನೋಡಿದೆ. 2013ರಲ್ಲಿ ಪಟ್ಟಿಗೆ ಸೇರಿದ್ದು 'ಕಿಮ್‌ಜಾಂಗ್'. ಚಳಿಗಾಲಕ್ಕೆ ಮುಂಚೆ ನೆಂಟರು, ನೆರೆಯವರು ಒಟ್ಟಾಗಿ ಕೂತು ಕಿಮ್ಚಿ ಮಾಡಿ ಹಂಚಿಕೊಳ್ಳುವ ಪದ್ಧತಿ ಅದು. ಮಾನ್ಯತೆ ಸಿಕ್ಕಿದ್ದು ಮಾಡುವುದಕ್ಕೆ ಮತ್ತು ಹಂಚುವುದಕ್ಕೆ. ನಮ್ಮಲ್ಲಿ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುವ ದಿನ ನಡೆಯುವುದೂ ಅದೇ ಅಲ್ಲವೇ? ಒಬ್ಬರು ತೊಳೆ ಬಿಡಿಸಿ, ಒಬ್ಬರು ಕುಟ್ಟಿ, ಮಕ್ಕಳು ಉಂಡೆ ಕದ್ದು ತಿಂದು, ಸಂಜೆ ಹೊತ್ತಿಗೆ ನಾಲ್ಕು ಮನೆಗೂ ಪಾಲು. ಅಂಗಡಿಯ ಹಪ್ಪಳದ ಪ್ಯಾಕೆಟ್ಟಿನಲ್ಲಿ ಹಪ್ಪಳ ಮಾತ್ರ ಸಿಗುತ್ತದೆ.

ಇಲ್ಲಿ ಹುಡುಗರಿಗೆ ಎರಡು ಮಾತು ಹೇಳಬೇಕು. ನಾನು ಹೈಸ್ಕೂಲಿಗೆ ಬಂದಾಗಿನಿಂದ 'ರೊಟ್ಟಿ ಮಾಡೋದು ಕಲಿ, ನಾಳೆ ಬೇಕಾಗುತ್ತೆ' ಎಂದು ನೆಂಟರೆಲ್ಲ ಹೇಳಿದ್ದಾರೆ. ಅಣ್ಣನಿಗೆ ಯಾರೂ ಹೇಳಲಿಲ್ಲ. ಈಗ ಪುಣೆಯಲ್ಲಿ ಕೆಲಸದಲ್ಲಿರುವ ಅಣ್ಣನೇ ಮನೆ ಗುಂಪಿನಲ್ಲಿ ಪತ್ರೊಡೆಯ ಫೋಟೊ ಹಾಕಿ ಅಳುವ ಇಮೋಜಿ ಕಳಿಸುವವನು. ಅತಿ ಹೆಚ್ಚು ನೆನೆಯುವವರು ಅತಿ ಕಡಿಮೆ ಕಲಿತವರು. ಅಮ್ಮನ ಕೈರುಚಿ ಎಂದು ಕಣ್ಣು ತುಂಬಿಕೊಳ್ಳುವುದು ಸುಲಭ, ಆ ಕೈಗೆ ಎಷ್ಟು ಸಲ ಬಿಸಿ ಹಿಟ್ಟು ಸುಟ್ಟಿದೆ ಎಂದು ಕೇಳಿದವರು ಕಡಿಮೆ.

ಪಿಜಿಯಲ್ಲಿ ಏನು ಮಾಡಲು ಸಾಧ್ಯ ಎಂದು ಕೇಳಬಹುದು. ನಾನಿರುವ ಕಡೆ ಒಲೆ ಹಚ್ಚುವಂತಿಲ್ಲ. ಹಿಂದೆ ಇದ್ದ ಒಂದು ಪಿಜಿಯಲ್ಲಿ ಊರಿಂದ ಬಂದ ಒಣಮೀನಿನ ಚಟ್ನಿಯ ವಾಸನೆಗೆ ದೂರು ಹೋಗಿ, ಡಬ್ಬಿಯನ್ನೇ ಹೊರಗೆ ಹಾಕಬೇಕಾಯಿತು. ಆದರೂ ದಾರಿಗಳಿವೆ. ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದರೆ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಕೈಗೆ ಸಿಗುವಂಥವು ಕೆಲವಿವೆ: ಮಿಡಿ ಉಪ್ಪಿನಕಾಯಿ, ಹಪ್ಪಳ, ಅಕ್ಕಿ ತರಿ, ಜೀರಿಗೆ ಮೆಣಸು. ರೊಟ್ಟಿ ಬಸ್ಸಿನಲ್ಲಿ ಬಂದರೆ ಚರ್ಮವಾಗುತ್ತದೆ, ಕಳಿಸಲು ಹೇಳಲೇಬೇಡಿ. ತಂಬುಳಿಗೆ ಒಲೆಯೇ ಬೇಡ. ಕುಂಡದಲ್ಲಿ ಒಂದೆಲಗ ಸುಮ್ಮನೆ ಹಬ್ಬುತ್ತದೆ, ತೆಂಗಿನ ತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ನಮ್ಮ ಮಹಡಿಯಲ್ಲಿ ಎರಡು ಕುಂಡ ಇಟ್ಟಿದ್ದೇನೆ. ಹುಬ್ಬಳ್ಳಿಯವಳು ಮೊದಲು ಮೂಗು ಮುರಿದಳು, ಈಗ ಪರೀಕ್ಷೆಯ ಹಿಂದಿನ ದಿನ ಅವಳೇ ಎಲೆ ಕೊಯ್ಯುತ್ತಾಳೆ. ಮೂರ್ನಾಲ್ಕು ಜನ ಸೇರಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಲು ಆಗುವವರಿಗೆ ಇನ್ನೂ ಅನುಕೂಲ.

ಅಣ್ಣ ಹಾಗೆಯೇ ಮನೆ ಹಿಡಿದಿದ್ದಾನೆ. ಅಳುವ ಇಮೋಜಿ ಸಾಕು ಎಂದು ಜಗಳವಾಡಿ, ನಾನೇ ಊರಿನ ತರಿ ಒಂದು ಕಿಲೊ ಕೊರಿಯರ್ ಮಾಡಿದೆ. ಒಂದು ಭಾನುವಾರ ಮೂವರೂ ವಿಡಿಯೊ ಕಾಲ್‌ನಲ್ಲಿ ಕೂತೆವು. ನೀರು ಎಷ್ಟು ಎಂದರೆ ಅಮ್ಮ 'ಸಾಕಾಗುವಷ್ಟು' ಎಂದಳು. ಅಣ್ಣ ಸಾಕಾಗುವುದಕ್ಕಿಂತ ಜಾಸ್ತಿ ಹಾಕಿದ, ಕಡುಬು ಕಟ್ಟಲು ಬರಲೇ ಇಲ್ಲ, ಗಂಜಿಯಂತೆ ಪಾತ್ರೆಗೆ ಅಂಟಿಕೊಂಡಿತು. ಮುಂದಿನ ಭಾನುವಾರ, 'ಹೇಳಿದ್ರೆ ತಿಳಿಯಲ್ಲ ನಿಂಗೆ, ನೋಡ್ಕೋ' ಎಂದು ಅಮ್ಮ ಅಟ್ಟದಿಂದ ಪಾತ್ರೆ ಇಳಿಸಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ತಾನೂ ತರಿ ತಿರುವಲು ನಿಂತಳು. ಅಲ್ಲಿ ಎಂಟು ಕಡುಬು, ಪುಣೆಯಲ್ಲಿ ಆರು. ಅಪ್ಪ ಒಬ್ಬರೇ ಐದು ತಿಂದರಂತೆ.