ಮೇಲಿನ ಊರಿನ ಬಚ್ಚಲು, ಕೆಳಗಿನ ಊರಿನ ಬಿಂದಿಗೆ

ಸ್ನಾನಕಾಲದಲ್ಲಿ ನಾವು ಸ್ಮರಿಸುವ ಏಳು ನದಿಗಳ ಪೈಕಿ ಗೋದಾವರಿಯದು ಮೂರನೆಯ ಹೆಸರು. ನಮ್ಮ ಕಾವೇರಿಯದು ಕೊನೆಯದು. ನಾಸಿಕದ ರಾಮಕುಂಡಕ್ಕೂ ತ್ರ್ಯಂಬಕೇಶ್ವರಕ್ಕೂ ಕನ್ನಡ ನಾಡಿನಿಂದ ಯಾತ್ರಿಕರು ಬರುವುದು ಇಂದು ನಿನ್ನೆಯ ಮಾತಲ್ಲ. ಆದರೆ ಆ ನದಿಗೆ ಸಲ್ಲುತ್ತಿರುವುದು ಹೂವು, ದೀಪಗಳು ಮಾತ್ರವಲ್ಲವೆಂಬುದನ್ನು ಸಂಕೋಚ ಬಿಟ್ಟು ಹೇಳಬೇಕಾಗಿದೆ.

ಬ್ರಹ್ಮಗಿರಿಯಲ್ಲಿ ಹುಟ್ಟಿದ ನದಿಗೆ ಮೊದಲು ಎದುರಾಗುವ ಊರು ತ್ರ್ಯಂಬಕ. ಅದು ಚಿಕ್ಕ ಊರು. ಆದರೆ ಅಲ್ಲಿಂದ ಹರಿದ ನೀರು ಗಂಗಾಪುರ ಅಣೆಕಟ್ಟಿನಲ್ಲಿ ನಿಂತು ನಾಸಿಕದವರ ಕುಡಿಯುವ ನೀರಾಗುತ್ತದೆ. ನಾಸಿಕ ಬಳಸಿಬಿಟ್ಟ ನೀರು ನಿಫಾಡ್ ಸೀಮೆಯನ್ನೂ ಕೋಪರಗಾಂವನ್ನೂ ದಾಟಿ, ಪೈಠಣದ ಬಳಿ 1976ರಲ್ಲಿ ಉದ್ಘಾಟನೆಗೊಂಡ ಜಾಯಕವಾಡಿಯ ನಾಥಸಾಗರವನ್ನು ಸೇರುತ್ತದೆ. 2023ರಲ್ಲಿ ಹೆಸರು ಬದಲಾಯಿಸಿಕೊಂಡ ಛತ್ರಪತಿ ಸಂಭಾಜಿನಗರವು, ಅಂದರೆ ಹಿಂದಿನ ಔರಂಗಾಬಾದು, ಕುಡಿಯುವುದು ಈ ಜಲಾಶಯದ ನೀರನ್ನೇ.

ಬರಗಾಲ ಬಂದಾಗಲೆಲ್ಲ ನಾಸಿಕದ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ನೀರು ಬಿಡಬೇಕೆಂದು ವಾದ ನಡೆಯುತ್ತದೆ. ಇದಕ್ಕೆ 2005ರ ಕಾನೂನೊಂದು ಇದೆ, ನ್ಯಾಯಾಲಯಗಳಿವೆ, ಧರಣಿಗಳಿವೆ. ಬಿಡುವ ನೀರು ಎಂತಹುದು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಜನ ಬೀದಿಗೆ ಇಳಿಯುವುದಿಲ್ಲ. ಇದು ನನಗೆ ವಿಚಿತ್ರವಾಗಿ ತೋರುತ್ತದೆ.

ಕೊಳಚೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ನೀರೇ. ಅಪಾಯವಿರುವುದು ಉಳಿದ ಅತ್ಯಲ್ಪ ಭಾಗದಲ್ಲಿ. ಅದರಲ್ಲಿನ ಜೈವಿಕ ಪದಾರ್ಥವನ್ನು ತಿನ್ನುವ ಸೂಕ್ಷ್ಮಾಣುಗಳು ನೀರಿನ ಆಮ್ಲಜನಕವನ್ನು ಹೀರುತ್ತವೆ; ಮೀನಿಗೆ ಉಸಿರು ಸಾಲದಾಗುತ್ತದೆ. ಸ್ನಾನಯೋಗ್ಯ ನೀರಿನ ಲೀಟರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರಂಗಳು 2500 ಮೀರಬಾರದು, 500ರೊಳಗಿದ್ದರೆ ಲೇಸು ಎಂಬುದು ಸರ್ಕಾರದ ನಿಯಮ. ವಿಷಮಶೀತಜ್ವರ, ವಾಂತಿಭೇದಿ, ಕಾಮಾಲೆ ಇವು ಈ ಮಾರ್ಗವಾಗಿಯೇ ಮನೆ ಹೊಗುತ್ತವೆ. ಬೆಳ್ಳಗೆ ತಿಳಿಯಾಗಿ ಕಾಣುವ ನೀರೂ ನಿರ್ದೋಷಿಯೆಂದು ಹೇಳಲಾಗದು. ತೀರ್ಥವನ್ನೂ ಕುದಿಸಿಯೇ ಕುಡಿಯಿರಿ ಎಂದರೆ ಹಿರಿಯರು ಮುನಿಯಬಹುದು, ಮುನಿಯಲಿ.

ನಾಸಿಕದ ಕೆಳಗೆ ನದಿಯನ್ನು ಮುಚ್ಚುವ ತೇಲುಕಳೆಯನ್ನು ನೋಡಿದವರುಂಟು. ಕೊಳಚೆಯ ಸಾರಜನಕ, ರಂಜಕಗಳೇ ಅದರ ಗೊಬ್ಬರ. 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆನಿಸಿದ ನಾಂದೂರು ಮಧ್ಯಮೇಶ್ವರದ ಪಕ್ಷಿಧಾಮವೂ ಇದೇ ನದಿಯ ಮೇಲಿದೆ. ಕಳೆಯನ್ನು ಯಂತ್ರದಿಂದ ಕೀಳಿಸುವುದು ಜ್ವರಪೀಡಿತನ ಬೆವರನ್ನು ಒರೆಸಿದಂತೆ.

ಶುದ್ಧೀಕರಣ ಸ್ಥಾವರ ಕಟ್ಟಿಸುವುದಕ್ಕೆ ಹಣವೂ ಉದ್ಘಾಟಕರೂ ಸಿಗುತ್ತಾರೆ, ನಡೆಸುವುದಕ್ಕೆ ಸಿಗುವುದಿಲ್ಲ. ಗಾಳಿಯೂದುವ ಯಂತ್ರಕ್ಕೆ ವಿದ್ಯುತ್ತು ತಪ್ಪಿದರೆ ಕೊಳೆಯನ್ನು ಕರಗಿಸುವ ಉಪಕಾರಿ ಜೀವಾಣುಗಳು ಉಸಿರುಗಟ್ಟುತ್ತವೆ. ಆದ್ದರಿಂದ ಚಿಕ್ಕ ಊರುಗಳು ಮಹಾನಗರದ ಯಂತ್ರಗಳಿಗೆ ಆಸೆಪಡಬಾರದೆಂದು ನನ್ನ ಅಭಿಪ್ರಾಯ. ಜಾಗವಿರುವಲ್ಲಿ ಬಿಸಿಲಿನಿಂದಲೇ ಕೆಲಸ ಮಾಡುವ ಸಾಲುಹೊಂಡಗಳು, ಜೊಂಡು ಬೆಳೆಸಿದ ಜಲ್ಲಿಪಾತಿಗಳು ಸಾಕು. ಒಳಚರಂಡಿಯೇ ಇಲ್ಲದ ಕಡೆಗೆ ನಮ್ಮ ದೇವನಹಳ್ಳಿಯೇ ಉದಾಹರಣೆ: ಅಲ್ಲಿ 2015ರಿಂದ ಮನೆಗಳ ಶೌಚಗುಂಡಿಯ ಕೆಸರನ್ನು ಟ್ಯಾಂಕರಿನಲ್ಲಿ ತಂದು, ಸಂಸ್ಕರಿಸಿ, ಒಣಗಿಸಿ ಗೊಬ್ಬರವಾಗಿಸುವ ಏರ್ಪಾಡು ಆಯಿತು. ನಾಸಿಕ ಜಿಲ್ಲೆಯ ಸಿನ್ನರಿನಲ್ಲಿಯೂ ಇಂತಹ ಸ್ಥಾವರವಿದೆ. ಗುಂಡಿಯನ್ನು ಮೂರು ವರ್ಷಕ್ಕೊಮ್ಮೆಯಾದರೂ ಬರಿದು ಮಾಡಿಸಬೇಕು. ಆ ಕೆಸರು ಹಳ್ಳಕ್ಕೆ ಬೀಳದಂತೆ ಪುರಸಭೆ ಕಾಯಬೇಕು.

2015ರ ಸಿಂಹಸ್ಥದ ಬಳಿಕ ಮುಂದಿನ ಪ್ರಮುಖ ಸ್ನಾನಗಳು 2027ರಲ್ಲಿ. ಘಟ್ಟಗಳಿಗೆ ಕಲ್ಲು ಹಾಸುವ ಉತ್ಸಾಹದ ನಾಲ್ಕನೆಯ ಒಂದು ಪಾಲು ಒಳಚರಂಡಿಗೆ ದೊರೆಯಲಿ. ಅಂದಂದಿನ ನೀರಿನ ಪರೀಕ್ಷೆಯ ಅಂಕಿಗಳನ್ನು ರಾಮಕುಂಡದಲ್ಲಿಯೂ ಕುಶಾವರ್ತದಲ್ಲಿಯೂ ದೊಡ್ಡ ಹಲಗೆಯ ಮೇಲೆ ಬರೆಸಲಿ, ಮರಾಠಿಯಲ್ಲಿ, ಹಿಂದಿಯಲ್ಲಿ, ಸಾಧ್ಯವಾದರೆ ಕನ್ನಡದಲ್ಲಿಯೂ.